ಕೆಮ್ಮಿದರೆ ಮೂತ್ರ ಜಿನುಗುವುದೇ? ಕಿಬ್ಬೊಟ್ಟೆಯ ತಳದ ಸ್ನಾಯುವನ್ನು ಪಳಗಿಸುವ ಬಗೆ

ಸೀನಿದಾಗ, ನಕ್ಕಾಗ ಅಥವಾ ತುಂಬಿದ ಬಿಂದಿಗೆಯನ್ನು ಎತ್ತುವಾಗ ನಾಲ್ಕು ಹನಿ ಮೂತ್ರ ಜಿನುಗಿದರೆ, ಹೆತ್ತವರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುವವರೇ ಹೆಚ್ಚು. ಸುಮ್ಮನಾಗಬೇಕಿಲ್ಲ. ಇದಕ್ಕೆ ಅನೇಕ ಬಾರಿ ಕಾರಣವಾಗುವುದು ಲಿವೇಟರ್ ಏನೈ ಎಂಬ ಸ್ನಾಯುವಿನ ಸಡಿಲತೆ. ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡು, ಮೂತ್ರಕೋಶ, ಗರ್ಭಕೋಶ ಮತ್ತು ಮಲಾಶಯಗಳನ್ನು ಅದು ಕೆಳಗಿನಿಂದ ಹೊತ್ತಿರುತ್ತದೆ. ಅದರ ಮೂರು ಭಾಗಗಳಲ್ಲಿ ಒಂದಾದ ಪ್ಯೂಬೊರೆಕ್ಟಾಲಿಸ್, ಜಘನಾಸ್ಥಿಯಿಂದ ಹೊರಟು ಮಲಾಶಯದ ಹಿಂಬದಿಯನ್ನು ಬಳಸಿ ಮತ್ತೆ ಅದೇ ಮೂಳೆಗೆ ಬಂದು ಸೇರುವ ಕುಣಿಕೆಯಾಗಿದ್ದು, ಮಲದ ದಾರಿಯನ್ನು ಸುಮಾರು 90 ಡಿಗ್ರಿಯಷ್ಟು ಬಾಗಿಸಿ ಹಿಡಿದಿರುತ್ತದೆ. ಕುಕ್ಕರಗಾಲಲ್ಲಿ ಕುಳಿತಾಗ ಈ ಬಾಗು ಬಹುಮಟ್ಟಿಗೆ ನೇರವಾಗುತ್ತದೆ. ಕಮೋಡ್ ಬಳಸುವವರು ಪಾದದಡಿ ಮಣೆ ಇಟ್ಟುಕೊಂಡರೆ ಶೌಚ ಸಲೀಸಾಗುವುದು ಇದರಿಂದಲೇ.

ಮೊದಲ ಕೆಲಸ ಸ್ನಾಯುವನ್ನು ಗುರುತಿಸುವುದು. ಹೆಚ್ಚಿನವರು ಎಡವುವುದೂ ಇಲ್ಲಿಯೇ. ಮೂತ್ರ ವಿಸರ್ಜಿಸಿ ಬಂದು, ಮಂಡಿ ಮಡಚಿ ಅಂಗಾತ ಮಲಗಿ, ನಾಲ್ಕು ಜನರ ನಡುವೆ ವಾಯುವನ್ನು ತಡೆಹಿಡಿಯುವಂತೆ ಗುದದ್ವಾರವನ್ನು ಬಿಗಿದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆಯ ಮೇಲೊಂದು ಕೈ ಇರಲಿ. ಹೊಟ್ಟೆ ಗಟ್ಟಿಯಾದರೆ, ಪೃಷ್ಠ ಬಿಗಿದರೆ ಅಥವಾ ಉಸಿರು ಕಟ್ಟಿದರೆ ಬೇರೆ ಸ್ನಾಯುಗಳು ದುಡಿಯುತ್ತಿವೆ ಎಂದರ್ಥ. ಯೋಗದಲ್ಲಿ ಮೂಲಬಂಧ ಕಲಿತವರಿಗೆ ಈ ಎಳೆತ ಹೊಸದೆನಿಸದು.

ಗುರುತು ಸಿಕ್ಕಮೇಲೆ ಮೂರರಿಂದ ಐದು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಸಡಿಲಿಸುವುದೂ ವ್ಯಾಯಾಮದ ಅರ್ಧ ಭಾಗ. ಒಮ್ಮೆಗೆ ಎಂಟರಿಂದ ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡುತ್ತ, ಹಿಡಿಯುವ ಅವಧಿಯನ್ನು ನಿಧಾನವಾಗಿ ಹತ್ತು ಸೆಕೆಂಡಿಗೆ ಏರಿಸಿ. ಬಳಿಕ, ಕೆಮ್ಮು ಬರುವ ಮುನ್ನವೇ ಬಿಗಿಯುವುದನ್ನು ರೂಢಿಸಿಕೊಳ್ಳಿ. ಮೂತ್ರವನ್ನು ನಡುವೆ ತಡೆದು ಅಭ್ಯಾಸ ಮಾಡುವುದು ಮಾತ್ರ ಬೇಡ.

ಈ ಕ್ರಮವನ್ನು 1948ರಲ್ಲಿ ಪ್ರಕಟಿಸಿದ ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೀಗಲ್, ಬಿಗಿತ ಸರಿಯಾಗಿದೆಯೇ ಎಂಬುದು ಮಹಿಳೆಗೇ ಕಾಣುವಂತೆ ಒತ್ತಡ ತೋರಿಸುವ ಮಾಪಕವನ್ನೂ ಬಳಸಿದ್ದರು. ಮನೆಯಲ್ಲಿ ಆ ಸೌಲಭ್ಯವಿಲ್ಲದ ಕಾರಣ, ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್‌ರಿಂದ ಪರೀಕ್ಷಿಸಿಕೊಳ್ಳುವುದು ಲೇಸು. ಫಲ ಕಾಣಲು ಕನಿಷ್ಠ ಮೂರು ತಿಂಗಳು ಬೇಕು. ಬಾಣಂತಿಯ ಹೊಟ್ಟೆಗೆ ಬಿಗಿಯುವ ಬಟ್ಟೆಯಿಂದ ಈ ಸ್ನಾಯು ಬಲಗೊಳ್ಳುವುದಿಲ್ಲ.

ಕೆಲವರಲ್ಲಿ ಇದೇ ಸ್ನಾಯು ಸಡಿಲಗೊಳ್ಳದೆ ಬಿಗಿದೇ ಇದ್ದು ನೋವು, ಮಲಬದ್ಧತೆ ತರುತ್ತದೆ. ಅಂಥವರು ಮತ್ತಷ್ಟು ಬಿಗಿಯುವ ಅಭ್ಯಾಸ ಮಾಡಿದರೆ ತೊಂದರೆ ಹೆಚ್ಚಬಹುದು. ಹೆರಿಗೆಯಲ್ಲಿ ಸ್ನಾಯು ಮೂಳೆಯಿಂದಲೇ ಕಿತ್ತುಬಂದಿದ್ದರೆ ವ್ಯಾಯಾಮ ಅದನ್ನು ಮರಳಿ ಜೋಡಿಸದು. ಯೋನಿಯಲ್ಲಿ ಏನೋ ಕೆಳಗೆ ಜಾರಿದಂತೆನಿಸಿದರೆ, ಮೂತ್ರದಲ್ಲಿ ರಕ್ತ ಕಂಡರೆ ಮೂರು ತಿಂಗಳು ಕಾಯದೆ ವೈದ್ಯರನ್ನು ಕಾಣಬೇಕು.