ಸೈನ್ಸ್ ಮತ್ತು ನರ್ಸಿಂಗ್ ಒಂದೇ ಸೆಮಿಸ್ಟರ್‌ನಲ್ಲಿ: ನನ್ನ ಅನುಭವ

ಆ ಸೆಮಿಸ್ಟರ್‌ನಲ್ಲಿ ನನಗೆ ಫಿಸಿಯಾಲಜಿ, ಮೈಕ್ರೋಬಯಾಲಜಿ ಎರಡೂ ಇದ್ದವು. ಅದರ ಜೊತೆಗೇ ನರ್ಸಿಂಗ್ ತರಗತಿಗಳು, ವಾರಕ್ಕೆ ಎರಡು ದಿನ ವಾರ್ಡ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಕಲಿಯುವುದು. ನಾಳೆ ಏನಿದೆಯೋ ಅದನ್ನು ಇವತ್ತು ರಾತ್ರಿ ಓದುವುದು, ಮೊದಲ ಆರು ವಾರ ಹೀಗೇ ನಡೆಯಿತು. ಪೋಸ್ಟಿಂಗ್ ಇದ್ದಾಗ ಕೇರ್ ಪ್ಲಾನ್ (ರೋಗಿಯ ಆರೈಕೆಯ ಲಿಖಿತ ಯೋಜನೆ) ಬರೆದು ಮುಗಿಸುವಷ್ಟರಲ್ಲಿ ಮಧ್ಯರಾತ್ರಿ. ಮೈಕ್ರೋಬಯಾಲಜಿ ಪುಸ್ತಕ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಮೊದಲ ಇಂಟರ್ನಲ್‌ನಲ್ಲಿ ಫೇಲಾದೆ. ತುಂಬಾ ಭಯವಾಯಿತು.

ದಾರಿ ಸಿಕ್ಕಿದ್ದು ವಾರ್ಡ್‌ನಲ್ಲಿ. ಹೃದಯದ ತೊಂದರೆಯಿಂದ ಕಾಲು ಊದಿಕೊಂಡಿದ್ದ ಒಬ್ಬ ರೋಗಿ ಇದ್ದರು. ಮೂತ್ರ ಹೆಚ್ಚಿಸಿ ಊತ ಇಳಿಸುವ ಫ್ಯೂರೋಸೆಮೈಡ್, ಹೃದಯದ ಔಷಧಿ ಡಿಗಾಕ್ಸಿನ್ ಎರಡೂ ನಡೆಯುತ್ತಿದ್ದವು. ಡಿಗಾಕ್ಸಿನ್ ಮಾತ್ರೆ ಕೊಡುವ ಮೊದಲು ಸ್ಟಾಫ್ ನರ್ಸ್ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಿದರು. 60ಕ್ಕಿಂತ ಕಡಿಮೆ ಇರಲಿಲ್ಲ. ಆದರೂ ರಕ್ತದ ರಿಪೋರ್ಟ್ ತೆಗೆದು ನೋಡಿದರು. ಪೊಟ್ಯಾಶಿಯಂ 3.1. ಮಾತ್ರೆ ಪಕ್ಕಕ್ಕಿಟ್ಟು ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "3.5ರಿಂದ 5 ಇರಬೇಕು. ಕಡಿಮೆ ಇದ್ದರೆ ಏನಾಗುತ್ತೆ ಹೇಳು" ಎಂದರು. ನನಗೆ ಮಾತೇ ಬರಲಿಲ್ಲ.

ಉತ್ತರ ನನ್ನ ಬ್ಯಾಗಿನಲ್ಲೇ ಇತ್ತು. ಜೀವಕೋಶದ ಪಂಪ್ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಶಿಯಂ ಒಳಗೆ ತರುತ್ತದೆ ಎಂದು ಫಿಸಿಯಾಲಜಿ ನೋಟ್ಸ್‌ನಲ್ಲಿ ನಾನೇ ಬರೆದುಕೊಂಡಿದ್ದೆ. ಡಿಗಾಕ್ಸಿನ್ ಹಿಡಿಯುವುದು ಇದೇ ಪಂಪನ್ನು. ಅಲ್ಲಿ ಜಾಗಕ್ಕಾಗಿ ಪೊಟ್ಯಾಶಿಯಂ ಅದರ ಜೊತೆ ಪೈಪೋಟಿ ಮಾಡುತ್ತದೆ. ಪೊಟ್ಯಾಶಿಯಂ ಇಳಿದರೆ ಔಷಧಿ ಜಾಸ್ತಿ ಅಂಟಿಕೊಂಡು ಹೃದಯದ ಬಡಿತ ಕೆಡಬಹುದು. ಇತ್ತ ಫ್ಯೂರೋಸೆಮೈಡ್ ಮೂತ್ರದಲ್ಲಿ ಪೊಟ್ಯಾಶಿಯಂ ಹೊರಗೆ ಹಾಕಿಸುತ್ತಿತ್ತು. ಅದು ಕೆಲಸ ಮಾಡುವ ಜಾಗ ಮೂತ್ರಪಿಂಡದ ಹೆನ್ಲೆ ಲೂಪ್. ಆ ಪಾಠದ ದಿನ ಸುಮ್ನೆ ಚಿತ್ರ ಬಿಡಿಸಿದ್ದೆ, ಅಷ್ಟೇ.

ಅವತ್ತು ಸಂಜೆಯೇ ಎರಡು ನೋಟ್‌ಬುಕ್ ಬಿಟ್ಟು ಒಂದೇ ಮಾಡಿದೆ. ಎಡಪುಟ ಸೈನ್ಸಿಗೆ, ಬಲಪುಟ ವಾರ್ಡಿಗೆ. ಎಡಗಡೆ ಬ್ಯಾಕ್ಟೀರಿಯಾದ ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಎಂದು ಬರೆದರೆ, ಬಲಗಡೆ ಕೈ ತೊಳೆಯುವ ವಿಷಯ ಬರಬೇಕು: ಭೇದಿ ತರುವ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾದ ಸ್ಪೋರ್‌ಗಳು ಆಲ್ಕೋಹಾಲ್ ರಬ್‌ಗೆ ಸಾಯುವುದಿಲ್ಲ, ತೊಳೆದು ಹಾಕಲು ಸೋಪು ನೀರೇ ಬೇಕು. ಆಟೋಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) 121 ಡಿಗ್ರಿ ಸೆಲ್ಸಿಯಸ್, 15 ನಿಮಿಷ ಎನ್ನುವುದರ ಎದುರು ಡ್ರೆಸ್ಸಿಂಗ್ ಪ್ಯಾಕ್ ಬಿಚ್ಚುವ ಮೊದಲು ಬಣ್ಣ ಬದಲಾಗಿದೆಯೇ ಎಂದು ನೋಡುವ ಆ ಟೇಪ್. ಬಲಪುಟ ಖಾಲಿ ಉಳಿದರೆ ಮುಂದಿನ ಪೋಸ್ಟಿಂಗ್‌ನಲ್ಲಿ ಅದನ್ನೇ ಹುಡುಕುತ್ತಿದ್ದೆ.

ಎರಡನ್ನೂ ಒಂದೇ ರೀತಿ ಓದಲಿಕ್ಕಾಗುವುದಿಲ್ಲ, ಇದು ನನಗೆ ತಡವಾಗಿ ಗೊತ್ತಾಯಿತು. ಸೈನ್ಸ್ ದಿನಾ ಸ್ವಲ್ಪ ಸ್ವಲ್ಪ ಬೇಕು. ಬೆಳಿಗ್ಗೆ 30 ನಿಮಿಷ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು, ತಪ್ಪಿದ್ದನ್ನು ಮಾತ್ರ ಮತ್ತೆ ಓದುವುದು. ಪೋಸ್ಟಿಂಗ್ ದಿನವೂ ಇದನ್ನು ಬಿಡಲಿಲ್ಲ. ನರ್ಸಿಂಗ್ ಪ್ರಶ್ನೆಗಳೇ ಬೇರೆ. ನಾಲ್ಕು ಉತ್ತರಗಳೂ ಸರಿ ಇರುತ್ತವೆ, ಮೊದಲು ಯಾವುದನ್ನು ಮಾಡುತ್ತೀರಿ ಎಂದು ಕೇಳುತ್ತಾರೆ. ಅದಕ್ಕೆ ಬಾಯಿಪಾಠ ಉಪಯೋಗವಿಲ್ಲ. ರಜಾದಿನ ಎರಡು ಗಂಟೆ ಒಟ್ಟಿಗೆ ಕೂತು, ಪ್ರತಿ ಉತ್ತರ ಯಾಕೆ ಮೊದಲಲ್ಲ ಎಂದು ಗೆಳತಿಯ ಜೊತೆ ಜೋರಾಗಿ ವಾದ ಮಾಡುತ್ತಿದ್ದೆ.

ಕೇರ್ ಪ್ಲಾನಿಗೆ ಒಂದೂವರೆ ಗಂಟೆ, ಅಷ್ಟೇ. ಬೇಕಾದ ವಿವರಗಳನ್ನು ವಾರ್ಡ್ ಬಿಡುವ ಮೊದಲೇ ಬರೆದುಕೊಳ್ಳುತ್ತಿದ್ದೆ, ರೋಗಿಯ ಹೆಸರು ಮಾತ್ರ ಬರೆಯುತ್ತಿರಲಿಲ್ಲ. ಬಣ್ಣದ ಪೆನ್ನಿನಲ್ಲಿ ನೋಟ್ಸ್ ತಿದ್ದಿ ಬರೆಯುವುದನ್ನು ಪೂರ್ತಿ ನಿಲ್ಲಿಸಿದೆ. ಪೋಸ್ಟಿಂಗ್ ಹಿಂದಿನ ರಾತ್ರಿ ನಿದ್ದೆ ಕೆಡಿಸಲಿಲ್ಲ. ನಿದ್ದೆಗಣ್ಣಲ್ಲಿ ಡೋಸ್ ಲೆಕ್ಕ ಹಾಕುವುದು ನನ್ನ ಅಂಕದ ವಿಷಯ ಅಲ್ಲ, ಇನ್ನೊಬ್ಬರ ಜೀವದ ವಿಷಯ.

ಕೊನೆಯ ಪರೀಕ್ಷೆಯಲ್ಲಿ ಎರಡೂ ಸೈನ್ಸ್ ಪಾಸಾದವು. ಆದರೂ ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಪೋಸ್ಟಿಂಗ್ ಇರುವ ಸೆಮಿಸ್ಟರ್‌ಗೆ ಲ್ಯಾಬ್ ಇರುವ ಒಂದೇ ಸೈನ್ಸ್ ಸಾಕು. ಅನಾಟಮಿ, ಫಿಸಿಯಾಲಜಿ ಮೊದಲೇ ಮುಗಿಸಿಕೊಳ್ಳಿ. ಮೈಕ್ರೋಬಯಾಲಜಿಯನ್ನು ವಾರ್ಡಿನ ಜೊತೆಗೇ ಇಟ್ಟುಕೊಳ್ಳಿ, ಓದಿದ್ದು ಅಲ್ಲಿ ದಿನಾ ಕಣ್ಣಿಗೆ ಬೀಳುತ್ತದೆ.