ವೀಲ್‌ಚೇರ್ ಪಕ್ಕದ ನಾಯಿ: ಕೊಪ್ಪಳದಲ್ಲಿ ಮರಿಯಿಂದ ಬೆಳೆಸಿದ ರೀತಿ

ಬಿದ್ದ ಚಾವಿ ಎತ್ತಿಕೊಡುವುದು, ಹಗ್ಗ ಜಗ್ಗಿ ಬಾಗಿಲು ತೆಗೆಯುವುದು, ಒಳಗೆ ಓಡಿಹೋಗಿ ಮನೆಯವರನ್ನು ಕರೆತರುವುದು. ವೀಲ್‌ಚೇರ್‌ನಲ್ಲಿ ಕೂತವರಿಗೆ ನಮ್ಮ ನಾಯಿ ಮಾಡುವ ಈ ಮೂರು ಕೆಲಸ ಕಲಿಸಲು ಎಲ್ಲ ಸೇರಿ ಮೂರು ತಿಂಗಳು ಹಿಡಿಯಿತು. ಮಿಕ್ಕ ಒಂದೂವರೆ ವರ್ಷ ಹೋದದ್ದು ಸುಮ್ಮನೆ ಮಲಗುವುದನ್ನು ಕಲಿಸಲು. ಕೋಳಿ ಓಡಲಿ, ಮಿರ್ಚಿ ಬೀಳಲಿ, ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಗಲಿ, ಕುರ್ಚಿಯ ಪಕ್ಕದಿಂದ ಏಳದಿದ್ದರೆ ಅದು ಕೆಲಸದ ನಾಯಿ. ಹೊಸಬರು ಈ ಲೆಕ್ಕವನ್ನು ತಿರುವುಮುರುವು ಹಿಡಿಯುತ್ತಾರೆ. ಕೊನೆಗೆ ಚಾವಿ ತರುವ, ಆದರೆ ಪೇಟೆಗೆ ಒಯ್ಯಲಾಗದ ನಾಯಿ ಮನೆಯಲ್ಲಿ ಉಳಿಯುತ್ತದೆ.

ಮರಿಯನ್ನು 8 ವಾರಕ್ಕಿಂತ ಮೊದಲು ತರಬೇಡಿ. ಎಷ್ಟು ಬಿಗಿಯಾಗಿ ಕಚ್ಚಿದರೆ ನೋಯುತ್ತದೆ ಎಂಬ ಅಂದಾಜನ್ನು ಅದು ಕಲಿಯುವುದು ತಾಯಿ, ಒಡಹುಟ್ಟುಗಳ ಜೊತೆ ಇರುವಾಗಲೇ. ನಾವು ತಂದದ್ದು ಲ್ಯಾಬ್ರಡಾರ್. ಮುಧೋಳ ಯಾಕಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗಲೆಂದೇ ತಲೆಮಾರುಗಳಿಂದ ಬೆಳೆಸಿದ ಬೇಟೆನಾಯಿ. ಎದುರಿಗೆ ಆಡಿನ ಮರಿ ಜಿಗಿದರೆ ತಡೆಯುವುದು ಕಷ್ಟ. ತಾಯಿ ನಾಯಿಯನ್ನು ನೋಡದೆ ಮರಿ ಕೊಳ್ಳಬಾರದು. ಹೊಸಬರನ್ನು ಕಂಡು ಅದು ಹಿಂದೆ ಸರಿದರೆ ಎದ್ದು ಬರುವುದೇ ಲೇಸು. ಮರಿಗಳಿಂದ ಏಳೆಂಟು ಅಡಿ ದೂರದಲ್ಲಿ ಒಂದು ಸ್ಟೀಲ್ ತಾಟು ಬೀಳಿಸಿ. ಬೆಚ್ಚಿದರೆ ತಪ್ಪಲ್ಲ. ಬೆಚ್ಚಿ, ನಾಲ್ಕೈದು ಸೆಕೆಂಡಿನಲ್ಲಿ ತಾನಾಗಿ ಬಂದು ತಾಟನ್ನು ಮೂಸುವ ಮರಿ ಬೇಕು. ಮೂಲೆ ಸೇರಿ ಅಲ್ಲೇ ಉಳಿದದ್ದು ಬೇಡ, ಎಷ್ಟೇ ಮುದ್ದಾಗಿರಲಿ.

ಮುಂದೆ ಒಂದು ಇಕ್ಕಟ್ಟು. ಮರಿ ಲೋಕಕ್ಕೆ ಒಗ್ಗಿಕೊಳ್ಳುವ ವಯಸ್ಸು 3ನೇ ವಾರದಿಂದ ಸುಮಾರು 14ನೇ ವಾರದವರೆಗೆ. ಆರೆಂಟು ವಾರಕ್ಕೆ ಶುರುವಾಗಿ ಮೂರು-ನಾಲ್ಕು ವಾರಕ್ಕೊಮ್ಮೆ ಹಾಕಿಸುವ ಲಸಿಕೆಗಳು ಮುಗಿಯುವುದು 16ನೇ ವಾರಕ್ಕೆ. ಅಷ್ಟರತನಕ ಬೀದಿಗೆ ಇಳಿಸುವಂತಿಲ್ಲ, ಯಾಕೆಂದರೆ ಮರಿಗಳಿಗೆ ವಾಂತಿ-ಭೇದಿ ಹತ್ತಿಸುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾವು ಕಂಡುಕೊಂಡ ದಾರಿ ಬಿದಿರಿನ ಬುಟ್ಟಿ. ಒಳಗೆ ಕೌದಿ ಹಾಸಿ ಮರಿಯನ್ನು ಕೂಡಿಸಿಕೊಂಡು ಜವಾಹರ ರಸ್ತೆ, ರೈಲು ನಿಲ್ದಾಣ, ಹಿಟ್ಟಿನ ಗಿರಣಿ ಎಲ್ಲ ಕಡೆ ಹತ್ತು ನಿಮಿಷ ನಿಂತು ಬರುವುದು. ಆಸ್ಪತ್ರೆಯಲ್ಲೂ ನೆಲಕ್ಕೆ ಬಿಡಲಿಲ್ಲ, ಕಾಯಿಲೆಯ ನಾಯಿಗಳು ಬರುವ ಜಾಗವೇ ಅದು. ಅಲಾಯಿ (ಮೊಹರಂ) ಹಬ್ಬದ ಹಲಗೆ ಸದ್ದು, ಗಣಪತಿ ಮೆರವಣಿಗೆ, ಪಟಾಕಿ ಇವನ್ನು ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ಹಚ್ಚಿ, ಅದೇ ಹೊತ್ತಿಗೆ ಊಟ ಹಾಕಬೇಕು. ಉಣ್ಣುವುದನ್ನು ನಿಲ್ಲಿಸಿ ತಲೆ ಎತ್ತಿತೆಂದರೆ ದನಿ ಜಾಸ್ತಿಯಾಗಿದೆ ಅಂತಲೇ ಅರ್ಥ.

ಇನ್ನು ಆಜ್ಞೆಯ ಮಾತುಗಳು. ನಾವು ಮೊದಲು "ಬಾ", "ತಾ" ಎಂದು ಶುರು ಮಾಡಿ ಕೆಟ್ಟೆವು. ನಾಯಿಯ ಕಿವಿಗೆ ಎರಡೂ ಒಂದೇ. ಮೇಲಾಗಿ ಮನೆಯಲ್ಲಿ ದಿನಕ್ಕೆ ನೂರು ಸಲ "ಬಾ" ಎನ್ನುತ್ತಿರುತ್ತೇವೆ, ಮಾತು ಸವೆದುಹೋಗುತ್ತದೆ. ಕರೆಯಲು ಸೀಟಿ, ತರಲು "ಎತ್ತು", ಜೊತೆಗೆ "ಕೂಡು", "ಮಲಗು", "ಬಿಡು" ಎಂದು ಬದಲಿಸಿದ ಮೇಲೆ ಗೊಂದಲ ಹೋಯಿತು. ಸರಿ ಮಾಡಿದ ಕ್ಷಣವನ್ನು ಗುರುತಿಸಲು ಕ್ಲಿಕ್ಕರ್ ಬಳಸುತ್ತಾರೆ, ಬೆರಳಿನಿಂದ ಒತ್ತಿದರೆ ಟಿಕ್ ಎನ್ನುವ ಪುಟ್ಟ ಡಬ್ಬಿ. ಬೆರಳಿನಲ್ಲಿ ಬಲವಿಲ್ಲದವರಿಗೆ ಅದು ಆಗದು. ನಾಲಿಗೆಯಿಂದ ಲೊಚಗುಟ್ಟಿ ನೋಡಿದೆವು. ಚಕ್ಕಡಿ ಹೊಡೆಯುವವರೂ ಅದೇ ಸದ್ದು ಮಾಡುತ್ತಾರೆ, ನಾಯಿ ತಿನಿಸು ಕೇಳುತ್ತಾ ಚಕ್ಕಡಿಯ ಕಡೆಗೇ ತಿರುಗುತ್ತಿತ್ತು! ಕೊನೆಗೆ "ಸೈ" ನಿಂತಿತು. "ಸೈ" ಅಂದ ಒಂದೆರಡು ಸೆಕೆಂಡಿನೊಳಗೆ ತಿನಿಸು ಬಾಯಿಗೆ ಹೋಗಬೇಕು. ತಿನಿಸು ಕಡಲೆಕಾಳಿನಷ್ಟಿದ್ದರೆ ಸಾಕು: ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿ. ಖಡಕ್ ರೊಟ್ಟಿಯ ಚೂರು ಕೊಟ್ಟರೆ ಪುಡಿ ಉದುರಿ, ಪಾಠ ಬಿಟ್ಟು ನೆಲ ಮೂಸುತ್ತಾ ಕೂಡುತ್ತದೆ. ದಿನದ ಆಹಾರದಲ್ಲಿ ತಿನಿಸಿನ ಪಾಲು ಹತ್ತನೇ ಒಂದು ಭಾಗ ದಾಟಬಾರದು. ತೂಕ ಏರಿದರೆ ಲ್ಯಾಬ್ರಡಾರ್‌ನ ಸೊಂಟದ ಕೀಲು ಹಾಳಾಗುತ್ತದೆ. ಗ್ರಾನೈಟ್ ನೆಲದಲ್ಲಿ ಜಾರುವುದೂ ಕೀಲಿಗೆ ಕೆಟ್ಟದ್ದು, ಓಡಾಡುವ ಕಡೆಯೆಲ್ಲ ಗೋಣಿತಟ್ಟು ಹಾಸಿದ್ದೆವು.

ಮಲಗುವ ಪಾಠಕ್ಕೆ ಒಂದೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳಿ. ಮರಿ ಅದರ ಮೇಲೆ ಮಲಗಿದ ಕೂಡಲೇ "ಸೈ", ತಿನಿಸು ಮುಂಗಾಲುಗಳ ನಡುವೆ ಕೌದಿಯ ಮೇಲೇ ಇಡಬೇಕು. ಕೈಯಿಂದ ಕೊಟ್ಟರೆ ಕೈ ನೋಡುತ್ತಾ ಕೂಡುತ್ತದೆ, ಕೌದಿಯ ಮೇಲೆ ಸಿಕ್ಕರೆ ಕೌದಿಯನ್ನು ಪ್ರೀತಿಸುತ್ತದೆ. ಐದು ಸೆಕೆಂಡು, ಹತ್ತು, ಮತ್ತೆ ಏಳು, ಇಪ್ಪತ್ತು, ಹೀಗೆ ಹೆಚ್ಚು-ಕಡಿಮೆ ಮಾಡುತ್ತಾ ಹೋಗಬೇಕು. ಏರಿಸುತ್ತಲೇ ಹೋದರೆ ಅದು ಬೇಸತ್ತು ಎದ್ದುಬಿಡುತ್ತದೆ. ಹೊತ್ತು, ದೂರ, ಗದ್ದಲ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ. ಆರನೇ ತಿಂಗಳಿಗೆ ಹತ್ತು ನಿಮಿಷ, ಹನ್ನೆರಡಕ್ಕೆ ಮುಕ್ಕಾಲು ತಾಸು ಬಂತು. ಆಮೇಲೆ ಅದೇ ಕೌದಿ ಹೋಟೆಲಿಗೆ, ಬ್ಯಾಂಕಿಗೆ. ಜಾಗ ಹೊಸದು, ಕೌದಿಯ ವಾಸನೆ ಹಳೆಯದು.

ಹೋಟೆಲಿನ ಮೇಜಿನ ಕೆಳಗೆ "ಬಿಡು" ಬೇಕೇ ಬೇಕು. ನಮ್ಮಲ್ಲಿ ಮಂಡಾಳ ವಗ್ಗರಣಿ ಉದುರದ ಹೋಟೆಲಿಲ್ಲ, ಉಳ್ಳಾಗಡ್ಡಿ (ಈರುಳ್ಳಿ) ಇಲ್ಲದ ವಗ್ಗರಣಿ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ (ಬೆಳ್ಳುಳ್ಳಿ) ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಮುಷ್ಟಿಯಲ್ಲಿ ತಿನಿಸು ಹಿಡಿದು ನೆಕ್ಕಲು ಬಿಡಿ. ಮೂತಿ ಹಿಂದೆ ತೆಗೆದ ಚಣ "ಸೈ", ಬಹುಮಾನ ಇನ್ನೊಂದು ಕೈಯಿಂದ. ಬಿಡು ಎಂದ ವಸ್ತುವನ್ನೇ ಬಹುಮಾನವಾಗಿ ಕೊಟ್ಟರೆ ಪಾಠ ಕೆಟ್ಟಿತು: "ಸ್ವಲ್ಪ ತಡೆದರೆ ಇದೇ ಸಿಗುತ್ತದೆ" ಅಂತ ಕಲಿಯುತ್ತದೆ. ಮುಷ್ಟಿ, ತೆರೆದ ಅಂಗೈ, ನೆಲ, ನಡೆಯುವಾಗ ದಾರಿಯಲ್ಲಿ ಬಿದ್ದದ್ದು, ಇದೇ ಕ್ರಮ.

ಕುರ್ಚಿಗೆ ಒಗ್ಗಿಸುವುದನ್ನು ಹತ್ತನೇ ವಾರಕ್ಕೇ ಶುರು ಮಾಡಬಹುದು. ಮೊದಲು ನಿಂತ ಕುರ್ಚಿಯ ಗಾಲಿಗಳ ಸುತ್ತ ಊಟ, ಆಮೇಲೆ ಅರ್ಧ ಅಡಿ ಸರಿಸುವುದು, ಆಮೇಲೆ ನಡಿಗೆ. ಒಂದೇ ಒಂದು ಸಲ ಬಾಲ ಗಾಲಿಗೆ ಸಿಕ್ಕರೆ ತಿಂಗಳ ಕೆಲಸ ನೀರುಪಾಲು. ಬೆಲ್ಟನ್ನು ಕುರ್ಚಿಗೆ ಎಂದೂ ಕಟ್ಟಬೇಡಿ. ನಾಯಿ ಜಗ್ಗಿದರೆ ಕುರ್ಚಿ ಮಗುಚುತ್ತದೆ.

ಎತ್ತಿಕೊಡುವ ಪಾಠವನ್ನು ಹಿಂದಿನಿಂದ ಮುಂದಕ್ಕೆ ಕಲಿಸಬೇಕು. ಮೊದಲು ಬಾಯಿಯಲ್ಲಿ ಒಂದು ಸೆಕೆಂಡು ಹಿಡಿಯುವುದು, ಆಮೇಲೆ ಹಿಡಿದದ್ದನ್ನು ಅಂಗೈಗೆ ಬಿಡುವುದು, ಆಮೇಲೆ ಒಂದು ಹೆಜ್ಜೆ ನಡೆದು ಬಂದು ಬಿಡುವುದು, ಎಲ್ಲಕ್ಕಿಂತ ಕೊನೆಗೆ ನೆಲದಿಂದ ಎತ್ತುವುದು. ನೆಲದಿಂದಲೇ ಶುರು ಮಾಡಿದರೆ ಎತ್ತಿ ಓಡಿಹೋಗುವ ಆಟ ಹತ್ತುತ್ತದೆ. ಅಭ್ಯಾಸಕ್ಕೆ ಬಟ್ಟೆ ಸುತ್ತಿದ ಗೇಣುದ್ದದ ಕಟ್ಟಿಗೆ ಸಾಕು. ಬಣ್ಣ ಬಳಿದ ಕಿನ್ನಾಳದ ಮರದ ಆಟಿಕೆ ಕೊಡಬೇಡಿ, ಬಣ್ಣ ಹೊಟ್ಟೆಗೆ ಹೋಗುತ್ತದೆ. ಕಬ್ಬಿಣ, ಸ್ಟೀಲ್ ಬಾಯಿಗೆ ತಣ್ಣಗೆ ತಾಗುವುದರಿಂದ ನಾಯಿ ಒಲ್ಲೆ ಅನ್ನುತ್ತದೆ. ಚಾವಿಗೆ ಪೂರ್ತಿ ಬಟ್ಟೆ ಸುತ್ತಿ, ವಾರಕ್ಕೊಂದು ಸುತ್ತು ಬಿಚ್ಚುತ್ತಾ ಬಂದರೆ ಒಂದು ತಿಂಗಳಿಗೆ ಬರೀ ಚಾವಿ ಹಿಡಿಯುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗ ಇದನ್ನೆಲ್ಲ ನಿಲ್ಲಿಸಿ. ಒಸಡು ನೋಯುವಾಗ ಹಿಡಿಸಿದರೆ "ಎತ್ತು" ಎಂದರೆ ನೋವು ಅಂತ ಗಟ್ಟಿಯಾಗುತ್ತದೆ. ಬಾಗಿಲಿನ ಹಗ್ಗಕ್ಕೆ ಕೆಂಪು ಬೇಡ, ನಾಯಿಯ ಕಣ್ಣಿಗೆ ಅದು ಮಾಸಲು ಕಂದು. ನೀಲಿ ಅಥವಾ ಹಳದಿ ಚೆನ್ನಾಗಿ ಕಾಣುತ್ತದೆ.

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಟಾರು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹಿಂಗೈಯನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಹಿಡಿಯಲಾಗದಿದ್ದರೆ ನಾಯಿಗೂ ಆಗದು. ಹೊರಗಿನ ಪಾಠ ಬೆಳಗ್ಗೆ ಏಳರೊಳಗೆ. ಸಂಜೆ ಹೊತ್ತು ಮುಳುಗಿದ ಮೇಲೂ ಒಂದು ತಾಸು ರಸ್ತೆ ಆರುವುದಿಲ್ಲ. ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ತೇಕುತ್ತಾ ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾದರೆ ಹೊಟ್ಟೆ, ತೊಡೆ, ಪಾದಕ್ಕೆ ನೀರು ಹಾಕುತ್ತಾ ಫ್ಯಾನ್ ಹಚ್ಚಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಕಾವನ್ನು ಒಳಗೆ ಹಿಡಿದಿಡುತ್ತದೆ.

ಉಣ್ಣಿ ಬೇಸಿಗೆಗಿಂತ ದೊಡ್ಡ ಶತ್ರು. ನಾಯಿಗೆ ಔಷಧ ಹಚ್ಚಿದರೂ ಮತ್ತೆ ಮತ್ತೆ ಬರುವುದು ಯಾಕೆಂದರೆ ಅದು ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ, ಕಲ್ಲುಗೋಡೆಯ ಸಂದಿಯಲ್ಲಿ. ಸಂದಿಗೆ ಸಿಮೆಂಟ್ ತುಂಬಿದ ಮೇಲೆ ಕಡಿಮೆಯಾಯಿತು. ಕಿವಿಯ ಒಳಗೆ, ಬೆರಳ ಸಂದಿಗಳಲ್ಲಿ ದಿನಾ ನೋಡಬೇಕು. ಉಣ್ಣಿ ಕಡಿತದಿಂದ ರಕ್ತಕ್ಕೆ ರೋಗ ಹತ್ತುತ್ತದೆ; ಊಟ ಬಿಟ್ಟು ಜ್ವರ ಬಂದರೆ, ಮೂಗಿನಿಂದ ರಕ್ತ ಬಂದರಂತೂ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಎರೆಹೊಲದ ಬದಿಯ ನೆಗ್ಗಿಲು ಮುಳ್ಳಿಗಾಗಿ ಚಿಮ್ಮಟ ಜೇಬಿನಲ್ಲೇ ಇರಲಿ.

ಎಂಟರಿಂದ ಹದಿನಾಲ್ಕು ತಿಂಗಳ ನಡುವೆ ಕಲಿತದ್ದೆಲ್ಲ ಮರೆತಂತೆ ಆಡುತ್ತದೆ. ಹರೆಯ ಅದು. ಪಾಠ ಹಿಂದಿನ ಹಂತಕ್ಕೆ ಇಳಿಸಿ, ಹೊಡೆಯಬೇಡಿ. ಹೆದರಿದ ನಾಯಿ ಕುರ್ಚಿಯಿಂದ ದೂರ ಮಲಗಲು ಕಲಿಯುತ್ತದೆ. ಗವಿಮಠದ ಜಾತ್ರೆಗೆ ಮೊದಲ ವರ್ಷ ಒಯ್ಯಬಾರದು. ಎರಡನೇ ವರ್ಷವೂ ತೇರಿನ ಹಿಂದಿನ ದಿನ, ಹೊರ ಅಂಚಿನಲ್ಲಿ, ಅರ್ಧ ತಾಸು ಸಾಕು. ಒಂದೂವರೆ ವರ್ಷವಾದರೂ ಸದ್ದಿಗೆ ನಡುಗುತ್ತಿದ್ದರೆ ಅದನ್ನು ಮನೆಯ ನಾಯಿಯಾಗಿ ಇಟ್ಟುಕೊಳ್ಳಿ. ದೊಡ್ಡ ತರಬೇತಿ ಶಾಲೆಗಳಲ್ಲೂ ಎಷ್ಟೋ ನಾಯಿಗಳು ಕೊನೆ ಮುಟ್ಟುವುದಿಲ್ಲ.

ನಾಯಿ ಕಲಿಸಿದವನ ಮಾತು ಕೇಳಿ, ಕುರ್ಚಿಯಲ್ಲಿ ಇರುವವರ ಮಾತು ಕೇಳದಿರುವುದು ಮಾಮೂಲಿ. ಅದಕ್ಕೇ ಐದನೇ ತಿಂಗಳಿಂದ ಊಟ, ತಿನಿಸು ಎಲ್ಲ ಅವರ ಕಡೆಯಿಂದಲೇ ಸಿಗಬೇಕು. ಬಗ್ಗಲಾಗದವರಿಗೆ ಎರಡು ಅಡಿ ಉದ್ದ, ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಕುರ್ಚಿಯ ಕೈಹಿಡಿಗೆ ಓರೆಯಾಗಿ ಕಟ್ಟಿದೆವು. ಮೇಲಿನ ಬಾಯಿಗೆ ತಿನಿಸು ಹಾಕಿದರೆ ಕೆಳಗೆ ಕೌದಿಯ ಮೇಲೆ ಬೀಳುತ್ತದೆ. ಕೋಳಿ ಒಳಗೆ ಅಂಟಿಕೊಳ್ಳುತ್ತದೆ, ಇದಕ್ಕೆ ಒಣ ಕಾಳಿನ ಡಾಗ್ ಫುಡ್ಡೇ ಸರಿ. ಕೆಳತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಮೂತಿ ಗೀರುತ್ತದೆ. ರಾತ್ರಿ ಬಿಸಿನೀರು ಬಿಟ್ಟು ತೊಳೆಯದಿದ್ದರೆ ಬೆಳಗಾಗುವುದರೊಳಗೆ ಪೈಪಿನ ತುಂಬ ಇರುವೆ.