ಬ್ರಿಟನ್ನಿನಲ್ಲಿ ಮಾಲು ಕೊಡುವವರೇ, ಬಡ್ಡಿಯ ಸಾಲು ಓದದೆ ಸಹಿ ಹಾಕಬೇಡಿ

ಈ ಜನವರಿಯಲ್ಲಿ ಕಾಫಿ ಕುಯ್ಲಿಗೆಂದು ಸೋಮವಾರಪೇಟೆಗೆ ಬಂದಿದ್ದೆ. ಕಣದಲ್ಲಿ ಹಣ್ಣು ಹರಡುತ್ತಿದ್ದಾಗ ಅಕ್ಕನ ಮಗ ಫೋನ್ ಹಿಡಿದು ಬಂದ. ಅವನು ಲೀಡ್ಸ್‌ನಲ್ಲಿ ನಮ್ಮ ಕಡೆಯ ಜೇನು, ಕರಿಮೆಣಸು ಮಾರಲು ಶುರು ಮಾಡಿದ್ದಾನೆ. "ಮಾವ, ಅಂಗಡಿಯವರು ಕರಾರು ಕಳಿಸಿದ್ದಾರೆ. ಸಹಿ ಹಾಕ್ಲಾ?" ಎಂದ. ಎರಡನೇ ಪುಟದಲ್ಲಿ ಒಂದು ಸಾಲು: ಹಣ ತಡವಾದರೆ ವರ್ಷಕ್ಕೆ 2% ಬಡ್ಡಿ. ನಾನು ಬ್ರಿಟನ್ನಿಗೆ ಹೋದ ಹೊಸದರಲ್ಲಿ ಸಹಿ ಹಾಕಿದ್ದು ಇಂಥದ್ದೇ ಸಾಲಿಗೆ.

ಬ್ರಿಟನ್ನಿನಲ್ಲಿ ತಡವಾದ ಹಣಕ್ಕೆ ಬಡ್ಡಿ ಕೇಳಲು 1998ರ ಕಾನೂನಿದೆ. ವ್ಯಾಪಾರಿಯಿಂದ ವ್ಯಾಪಾರಿಗೆ ಬರಬೇಕಾದ ಹಣಕ್ಕೆ ಮಾತ್ರ ಅದು. ಮನೆಗೆ ಕೊಳ್ಳುವವರಿಗೆ ಅನ್ವಯಿಸದು. ಗಡುವು ಮಾತಾಡಿಲ್ಲದಿದ್ದರೆ 30 ದಿನ. ಮಾಲು ತಲುಪಿದ ದಿನ, ಬಿಲ್ಲು ತಲುಪಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಎಣಿಕೆ. ಹಾಗಾಗಿ ಬಿಲ್ಲನ್ನು ಮಾಲಿನ ಜೊತೆಗೇ ಕಳಿಸಿ. ಗಡುವು ದಾಟಿದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರಕ್ಕೆ 8% ಕೂಡಿಸಿ ಬಡ್ಡಿ. ಜೊತೆಗೆ ಪರಿಹಾರದ ಮೊತ್ತ ಬೇರೆ: ಸಾವಿರ ಪೌಂಡಿನೊಳಗೆ 40, ಹತ್ತು ಸಾವಿರದೊಳಗೆ 70, ಅದಕ್ಕೆ ಮೇಲೆ 100 ಪೌಂಡ್.

ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದ ಮಾತು ಇದು: ಕರಾರಿನಲ್ಲೇ ಬೇರೆ ಬಡ್ಡಿ ಬರೆದಿದ್ದರೆ ಕಾನೂನಿನ ಬಡ್ಡಿ ಕೇಳುವಂತಿಲ್ಲ. ಅದರ ಜೊತೆಗೆ ಬರುವ ಪರಿಹಾರದ ಮೊತ್ತವೂ ಹೋಗುತ್ತದೆ. 2% ತೀರಾ ಕಡಿಮೆ, ತಡಕ್ಕೆ ತಕ್ಕ ಬಡ್ಡಿಯೇ ಅಲ್ಲ ಎಂದು ಕೋರ್ಟಿನಲ್ಲಿ ವಾದಿಸಲು ದಾರಿ ಇದೆ. ಆದರೆ ಸಣ್ಣ ಬಿಲ್ಲಿಗಾಗಿ ವಕೀಲರ ಹತ್ತಿರ ಹೋದರೆ ಬರುವುದಕ್ಕಿಂತ ಖರ್ಚೇ ಜಾಸ್ತಿ.

ಲೆಕ್ಕ ನೋಡಿ. 2024ರ ಜುಲೈ ಮೊದಲ ವಾರ ಬರಬೇಕಿದ್ದ 2,000 ಪೌಂಡ್ ನನಗೆ 100 ದಿನ ತಡವಾಗಿ ಬಂತು. ಆ ವರ್ಷ ಜೂನ್ 30ರ ಬ್ಯಾಂಕ್ ದರ 5.25%. ಕಾನೂನಿನಂತೆ 13.25%, ಅಂದರೆ ಸುಮಾರು 72 ಪೌಂಡ್ ಬಡ್ಡಿ, ಮೇಲೆ 70. ಒಟ್ಟು 142. ಕರಾರಿನ 2%ರಂತೆ ನನಗೆ ಸಿಕ್ಕಿದ್ದು 11 ಪೌಂಡ್. ಆ ತಿಂಗಳು ಗೋದಾಮಿನ ಬಾಡಿಗೆಗೆ ನಾನು ಕೈಸಾಲ ಮಾಡಿದ್ದೆ.

ಸಣ್ಣ ಉದ್ಯಮಗಳಿಗೆ ಬರಬೇಕಾದ ಹಣದ ಬಗ್ಗೆ ನಮ್ಮ ದೇಶದ 2006ರ ಕಾನೂನು ಇನ್ನೂ ಬಿಗಿ. ಎಷ್ಟೇ ಒಪ್ಪಿದರೂ 45 ದಿನ ಮೀರುವಂತಿಲ್ಲ. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕರಾರಿನಲ್ಲಿ ಏನೇ ಬರೆದಿರಲಿ, ಕಾನೂನೇ ಮೇಲು. ಈ ಒಂದು ವಿಷಯದಲ್ಲಿ ನಮ್ಮದೇ ಸರಿ ಅನ್ನುತ್ತೇನೆ. ಬ್ರಿಟನ್ನಿನಲ್ಲಿ ಅನುಕೂಲ ಏನೆಂದರೆ, ನಮ್ಮಲ್ಲಿ ಸಣ್ಣ ಉದ್ಯಮಗಳು ಮಾಡಿಸುವ 'ಉದ್ಯಮ್‌'ನಂಥ ಸರ್ಕಾರಿ ನೋಂದಣಿ ಬೇಡ. ಬಿಲ್ಲಿನಲ್ಲಿ ಮೊದಲೇ ಬಡ್ಡಿಯ ಮಾತು ಬರೆದಿರಬೇಕೆಂದೂ ಇಲ್ಲ.

ಇನ್ನೊಂದು ನಮ್ಮವರ ಅಭ್ಯಾಸ. ಗೋಣಿಕೊಪ್ಪದಲ್ಲಿ ಪರಿಚಯದ ವ್ಯಾಪಾರಿಯ ಹತ್ತಿರ ಬಡ್ಡಿ ಕೇಳಲು ನಾಲಿಗೆ ಏಳುವುದಿಲ್ಲ, ಅಲ್ವಾ? ಬ್ರಿಟನ್ನಿನಲ್ಲಿ ಆ ಸಂಕೋಚ ಬೇಡ. ಅಸಲು ಬಂದ ಮೇಲೂ ಬಡ್ಡಿ ಕೇಳಬಹುದು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಆರು ವರ್ಷದವರೆಗೆ ಸಮಯವಿದೆ. ಸುಮ್ನೆ ಬಿಡಬೇಡಿ.

ಅಕ್ಕನ ಮಗ ಕಣದ ಕಟ್ಟೆ ಮೇಲೆ ಕೂತೇ ಮೇಲ್ ಬರೆದ: ಬಡ್ಡಿಯ ಸಾಲು ತೆಗೆಯಿರಿ, ಕಾನೂನಿನ ದರವೇ ಇರಲಿ. ಎರಡು ದಿನ ಬಿಟ್ಟು ಹೊಸ ಕರಾರು ಬಂತು. ಆ ಸಾಲು ಇರಲಿಲ್ಲ.